ವಿಕಿರಣ ಚಿಕಿತ್ಸೆಯ ನಂತರ ಊಟ ಸೇರುತ್ತಿಲ್ಲ

ಪ್ರಶ್ನೆ (ಬಸವನಗುಡಿಯಿಂದ):
ನಮ್ಮ ತಂದೆಯವರಿಗೆ ಗಂಟಲಿನ ಕ್ಯಾನ್ಸರಿಗೆ ನೀಡಿದ ವಿಕಿರಣ ಚಿಕಿತ್ಸೆ ಮುಗಿದು ಮೂರು ತಿಂಗಳಾಗಿದೆ. ಸ್ಕ್ಯಾನ್ ವರದಿ ಚೆನ್ನಾಗಿದೆಯೆಂದು ವೈದ್ಯರು ಹೇಳಿದ್ದರೂ, ಬಾಯಿ ಸದಾ ಒಣಗಿರುವುದರಿಂದ ಚಪಾತಿಯ ಒಂದು ತುಣುಕು ಇಳಿಯಲು ಮೂರು ಗುಟುಕು ನೀರು ಬೇಕಾಗುತ್ತದೆ. ಸಾರು ಉರಿಯುತ್ತದೆ, ಕಾಫಿ ಬರೀ ಬಿಸಿನೀರಿನಂತಿದೆ ಎನ್ನುತ್ತಾರೆ. ಈಗ ನಮ್ಮೊಂದಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ನಾನೂ ಇದೇ ಚಿಕಿತ್ಸೆ ಪಡೆದವನು. ವಿಕಿರಣವು ಜೊಲ್ಲುಗ್ರಂಥಿಗಳಿಗೂ ತಾಗುವುದರಿಂದ ಬಾಯಿ ಒಣಗುತ್ತದೆ. ರುಚಿ ಸಾಮಾನ್ಯವಾಗಿ ತಿಂಗಳುಗಳ ಮೇಲೆ ನಿಧಾನವಾಗಿ ಮರಳುತ್ತದೆ, ಒಣಗುವಿಕೆ ಮಾತ್ರ ಹೆಚ್ಚು ಕಾಲ ಉಳಿಯಬಹುದು. ಮುದ್ದೆಯನ್ನು ಅಗಿಯಬೇಕಾಗಿಲ್ಲವಲ್ಲ ಎಂದು ಧೈರ್ಯ ಮಾಡಿದೆ, ಅದು ಗಂಟಲಿಗೇ ಅಂಟಿಕೊಂಡಿತು! ಅದೇ ರಾಗಿಯ ಗಂಜಿಗೆ ಹಾಲು ಬೆರೆಸಿ, ಉಗುರುಬೆಚ್ಚಗೆ ಮಾಡಿ ಕುಡಿದಾಗ ಸರಾಗವಾಗಿ ಇಳಿಯಿತು. ಕಿವುಚಿದ ಮೊಸರನ್ನ, ತುಪ್ಪ ಹಾಕಿದ ಮೆತ್ತನೆಯ ಹೆಸರುಬೇಳೆ ಪೊಂಗಲ್ ಕೂಡ ಒಗ್ಗಿದವು. ಮೂರು ಹೊತ್ತಿನ ಊಟವನ್ನು ಆರು ಪಾಲು ಮಾಡಿ.

ಉತ್ತರ 2:
ಹಲ್ಲುಗಳ ಕಡೆ ಗಮನವಿರಲಿ. ಜೊಲ್ಲು ಕಡಿಮೆಯಾದರೆ ಹುಳುಕು ಬೇಗ ಹಿಡಿಯುತ್ತದೆ. ವಿಕಿರಣ ಪಡೆದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಗೆ ತೊಂದರೆಯಾಗಬಹುದಾದ್ದರಿಂದ, ಬೀದಿ ತುದಿಯ ದಂತವೈದ್ಯರಲ್ಲಿಗೆ ಹೋಗುವ ಮುನ್ನ ವಿಕಿರಣ ತಜ್ಞರನ್ನು ಕೇಳಲೇಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ನುಂಗುವಿಕೆಗೆ ವ್ಯಾಯಾಮ ಕಲಿಸುವ ತಜ್ಞರೂ ಇದ್ದಾರೆ.

ಪ್ರಶ್ನೆ ಕೇಳಿದವರು:
ಕೆಮ್ಮು ಇದೆ, ನೀರು ಕುಡಿಯುವಾಗಲೇ ಹೆಚ್ಚು. ನಾಳೆಯೇ ಕರೆದೊಯ್ಯುತ್ತೇನೆ.