ಮದುವೆ ಫೋಟೋಗ್ರಾಫರ್‌ಗೆ ವೆಬ್‌ಸೈಟ್ ಹೇಗಿರಬೇಕು? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಐದು ವರ್ಷದಿಂದ ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಇಷ್ಟು ದಿನ ಇನ್‌ಸ್ಟಾಗ್ರಾಮ್ ಸಾಕಾಗಿತ್ತು. ಈಗ ಸ್ವಂತ ವೆಬ್‌ಸೈಟ್ ಮಾಡಬೇಕು ಅಂತಿದ್ದೇನೆ. ಎಷ್ಟು ಫೋಟೋ ಹಾಕಬೇಕು, ಏನೇನು ಇರಬೇಕು?

ಉತ್ತರ 1: ನನ್ನ ಮೊದಲ ಸೈಟ್‌ನಲ್ಲಿ 180 ಫೋಟೋ ಇದ್ದವು. ಎಲ್ಲಾ ಕ್ಯಾಮೆರಾದಿಂದ ಬಂದ ಹಾಗೇ, ಒಂದೊಂದು 10-12 ಎಂಬಿ. ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಒಮ್ಮೆ ತೀರ್ಥಹಳ್ಳಿ ಕಡೆ ಮದುವೆ ಮಾತಾಡಲು ಹೋಗಿದ್ದೆ. ಹುಡುಗಿಯ ಅಪ್ಪ ಮೊಬೈಲ್‌ನಲ್ಲಿ ಸೈಟ್ ತೆರೆದರು. ಮದುಮಗನ ಪೇಟ ಬಂತು, ಅಲ್ಲೇ ನಿಂತಿತು. ಮುಖ ಬರುವಷ್ಟರಲ್ಲಿ ಕಾಫಿ ಕುಡಿದು ಮುಗಿದಿತ್ತು. ಆ ಆರ್ಡರೂ ಬರಲಿಲ್ಲ.

ಈಗ ಉದ್ದದ ಬದಿಯನ್ನು 2048 ಪಿಕ್ಸೆಲ್‌ಗೆ ಇಳಿಸುತ್ತೇನೆ, 500 ಕೆಬಿ ದಾಟಲು ಬಿಡುವುದಿಲ್ಲ. ವೆಬ್‌ಪಿ (ವೆಬ್‌ಗೆಂದೇ ಇರುವ ಫೋಟೋ ಫೈಲ್ ಬಗೆ) ಮಾಡಿದರೆ ಇನ್ನೂ ಕಮ್ಮಿ. ಎಕ್ಸ್‌ಪೋರ್ಟ್ ಮಾಡುವಾಗ ಬಣ್ಣದ ಸೆಟ್ಟಿಂಗ್ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಇಡಿ. ಅಡೋಬ್ ಆರ್‌ಜಿಬಿಯಲ್ಲೇ ಬಿಟ್ಟರೆ ಕೆಲವು ಕಡೆ ರೇಷ್ಮೆ ಸೀರೆಯ ಕೆಂಪು ಮಂಕಾಗಿ ಕಾಣುತ್ತದೆ.

ಉತ್ತರ 2: ಸೈಜ್ ಇಳಿಸುವುದು ಸುಲಭ, ಹೆಕ್ಕುವುದೇ ಕಷ್ಟ. 30-40 ಫೋಟೋ ಸಾಕು ಅಂತ ನನ್ನ ಲೆಕ್ಕ. ಜೊತೆಗೆ ಒಂದೇ ಒಂದು ಮದುವೆಯನ್ನು ಪೂರ್ತಿ ತೋರಿಸಿ. ಅರಿಶಿನ ಶಾಸ್ತ್ರ, ಧಾರೆ, ಊಟದ ಪಂಕ್ತಿ ಎಲ್ಲಾ ಇರಲಿ. ಸಂಜೆ ಬಿಸಿಲಲ್ಲಿ ಪ್ರೀವೆಡ್ಡಿಂಗ್ ಯಾರು ಬೇಕಾದರೂ ತೆಗೆಯುತ್ತಾರೆ ಬಿಡಿ. ಕಲ್ಯಾಣ ಮಂಟಪದ ಟ್ಯೂಬ್‌ಲೈಟು, ವಿಡಿಯೋದವರ ಲೈಟು, ಸುತ್ತ ನಿಂತ ನೆಂಟರು, ಇಷ್ಟರ ನಡುವೆ ನೀವು ಧಾರೆ ಹೇಗೆ ತೆಗೆದಿರಿ ಅನ್ನೋದೇ ಮನೆಯವರಿಗೆ ಬೇಕು, ಅಲ್ವಾ?

ಇನ್ನೊಂದು ಮಾತು. ಜಾಗ ತುಂಬಲಿ ಅಂತ ನಾನು ಸುಮ್ನೆ ನಾಲ್ಕು ನಾಮಕರಣದ ಫೋಟೋ ಹಾಕಿದ್ದೆ. ಆ ವರ್ಷವೆಲ್ಲಾ ನಾಮಕರಣಕ್ಕೇ ಕರೆ! ಮಾಡಲು ಇಷ್ಟವಿಲ್ಲದ ಕೆಲಸವನ್ನು ಸೈಟ್‌ನಲ್ಲಿ ತೋರಿಸಲೇಬೇಡಿ. ಹಾಕುವ ಮುಂಚೆ ಮದುಮಕ್ಕಳ ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.

ಉತ್ತರ 3: ಫೈಲ್ ಹೆಸರು ಕ್ಯಾಮೆರಾ ಕೊಟ್ಟ ‘ಡಿಎಸ್‌ಸಿ 0412’ ಅಂತಲೇ ಬಿಡಬೇಡಿ, ಗೂಗಲ್‌ಗೆ ಅದರಿಂದ ಏನೂ ತಿಳಿಯದು. ಆಲ್ಟ್ ಟೆಕ್ಸ್ಟ್‌ನಲ್ಲಿ (ಫೋಟೋದಲ್ಲಿ ಏನಿದೆ ಅಂತ ಅದರ ಜೊತೆ ಬರೆದಿಡುವ ವಿವರ) ಊರು, ಶಾಸ್ತ್ರದ ಹೆಸರು ಬರೆಯಿರಿ. ರೈಟ್ ಕ್ಲಿಕ್ ಬಂದ್ ಮಾಡಿಸಲು ದುಡ್ಡು ಕೊಡಬೇಡಿ, ಕದಿಯುವವರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಸೈಟ್‌ನಲ್ಲಿ ಸಂಪರ್ಕದ ಫಾರ್ಮ್ ತುಂಬುವವರು ನನಗಂತೂ ಸಿಕ್ಕಿಲ್ಲ. ಪ್ರತಿ ಪುಟದಲ್ಲೂ ಫೋನ್ ನಂಬರ್, ವಾಟ್ಸಾಪ್ ಬಟನ್ ಇರಲಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾನು 240 ಹೆಕ್ಕಿಟ್ಟಿದ್ದೆ. ಅದರಲ್ಲಿ ಪಂಕ್ತಿಯ ಫೋಟೋ ಒಂದೂ ಇಲ್ಲ! ರಾತ್ರಿ ಹಳೆ ಹಾರ್ಡ್ ಡಿಸ್ಕ್ ತೆಗೆದು ಹುಡುಕುತ್ತೇನೆ.