ಅಪ್‌ಡೇಟ್: ಟೈರ್ ಗಾಳಿಯ ಹಳದಿ ದೀಪ ಆರಿತು

ಹೋದ ವಾರ ಕೇಳಿದ್ದೆನಲ್ಲ, ನಾಲ್ಕೂ ಟೈರಿಗೆ ಗಾಳಿ ಹಾಕಿಸಿದರೂ ಗಾಳಿ ಕಡಿಮೆ ಇದೆ ಎಂದು ಎಚ್ಚರಿಸುವ ಕಾರಿನ ಟೈರ್ ದೀಪ ಆರುತ್ತಿಲ್ಲ ಅಂತ. ಈಗ ಆರಿದೆ. ಐದು ದಿನವಾಯಿತು, ಮತ್ತೆ ಬಂದಿಲ್ಲ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾನು ಗಾಳಿ ಹಾಕಿಸಿದ ಹೊತ್ತೇ ಸರಿ ಇರಲಿಲ್ಲ. ಮುಳ್ಳಯ್ಯನಗಿರಿಯಿಂದ ಇಳಿದು ನೇರ ಬಂಕಿಗೆ ಹೋಗಿದ್ದೆ, ಟೈರ್ ಬಿಸಿಯಾಗಿತ್ತು. ಆಗ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸಿದ್ದು ಚಿಕ್ಕಮಗಳೂರಿನ ಬೆಳಗಿನ ಚಳಿಗೆ 29ಕ್ಕೆ ಇಳಿದಿತ್ತು. ಬಾಗಿಲ ಬಳಿಯ ಸ್ಟಿಕರಿನಲ್ಲಿರುವ 33 ತಣ್ಣಗಿರುವ ಟೈರಿನ ಅಳತೆ. ಹಿಂದಿನ ಎಡಗಡೆ ಟೈರಂತೂ 25! ನೋಡಿದರೆ ಸಣ್ಣ ಮೊಳೆ. ಸುಮ್ನೆ ರೀಸೆಟ್ ಬಟನ್ ಒತ್ತಿ ದೀಪ ಆರಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವುದಿತ್ತು. ನೆನೆದರೆ ಈಗಲೂ ಭಯವಾಗುತ್ತದೆ.

ಪಂಕ್ಚರ್ ಹಾಕಿಸಿದೆ. ಮರುದಿನ ಬೆಳಿಗ್ಗೆ, ಗಾಡಿ ತೆಗೆಯುವ ಮೊದಲೇ ಮನೆಯ ಸಣ್ಣ ಪಂಪಿನಿಂದ ನಾಲ್ಕಕ್ಕೂ 33 ಮಾಡಿದೆ. ಆಮೇಲೆ ಇಗ್ನಿಷನ್ ಆನ್ ಮಾಡಿ, ಸ್ಟೇರಿಂಗ್ ಕೆಳಗಿನ ಆ ರೀಸೆಟ್ ಬಟನ್ನನ್ನು ದೀಪ ಮಿನುಗುವ ತನಕ ಒತ್ತಿ ಹಿಡಿದೆ. ಕಡೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ.

ಸೆನ್ಸರ್ ಬ್ಯಾಟರಿ ಹೋಗಿರಬಹುದು ಎಂದವರಿಗೆ: ನನ್ನ ಗಾಡಿಯ ಚಕ್ರದೊಳಗೆ ಸೆನ್ಸರ್ ಇಲ್ಲ. ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರುಗಳೇ ಚಕ್ರದ ವೇಗ ನೋಡುತ್ತವೆ. ಗಾಳಿ ಕಡಿಮೆಯಾದ ಚಕ್ರ ಸ್ವಲ್ಪ ಕುಗ್ಗಿ, ಉಳಿದವಕ್ಕಿಂತ ಜಾಸ್ತಿ ಸುತ್ತುತ್ತದೆ; ಆ ವ್ಯತ್ಯಾಸ ಕಂಡರೆ ದೀಪ ಹತ್ತುತ್ತದೆ. ಬಟನ್ ಒತ್ತಿದಾಗ ಇರುವ ಗಾಳಿಯನ್ನೇ ಗಾಡಿ ಸರಿ ಎಂದುಕೊಳ್ಳುತ್ತದೆ. ಇವತ್ತು ಬೆಳಿಗ್ಗೆ ಮತ್ತೆ ಅಳೆದೆ, ನಾಲ್ಕೂ 33 ಇವೆ.