ಸಿನಿಮಾ ಹಾಡಿಗೆ ಮೊದಲ ಸಲ ನೃತ್ಯ ಸಂಯೋಜನೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಹತ್ತು ವರ್ಷಗಳಿಂದ ವೇದಿಕೆಗೆ ನೃತ್ಯ ಸಂಯೋಜಿಸುತ್ತಿದ್ದೇನೆ. ಈಗ ಸಿನಿಮಾದ ಒಂದು ಹಾಡು ಸಿಕ್ಕಿದೆ. ಎಂಟು ಜನ ನರ್ತಕರು, ಎರಡು ದಿನದ ಚಿತ್ರೀಕರಣ. ತಾಲೀಮನ್ನು ಮೊಬೈಲ್‌ನಲ್ಲಿ ಹಿಡಿದು ನೋಡಿದರೆ ಎಲ್ಲವೂ ಸಪ್ಪೆ. ಎಲ್ಲಿ ಎಡವುತ್ತಿದ್ದೇನೆ?

ಸಹಾಯಕ ನೃತ್ಯ ನಿರ್ದೇಶಕಿ: ನನಗೂ ಮೊದಲ ಹಾಡಿನಲ್ಲಿ ಇದೇ ಆಯಿತು. ವೇದಿಕೆಯಲ್ಲಿ ಮುಂದಿನ ಸಾಲಿನವರಿಗೆ ಧಾರಾಳ ಜಾಗ. ಕ್ಯಾಮೆರಾ ಮುಂದೆ ಲೆಕ್ಕ ತಿರುವುಮುರುವು: ಲೆನ್ಸ್ ಕಾಣುವ ಜಾಗ ಬೀಸಣಿಗೆಯಂತೆ, ಹತ್ತಿರದಲ್ಲಿ ಕಿರಿದು, ದೂರ ಹೋದಷ್ಟೂ ಅಗಲ. ಆರು ಜನರನ್ನು ಮುಂದೆ ಅಡ್ಡಸಾಲಿನಲ್ಲಿ ನಿಲ್ಲಿಸಿದ್ದೆ. ಮಾನಿಟರ್‌ನಲ್ಲಿ ಮೂರೂವರೆ ಜನ ಕಂಡರು. ಆ ಅರ್ಧ ಕಂಡವರು ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ಯಾವ ಲೆನ್ಸ್ ಎಂದು ಛಾಯಾಗ್ರಾಹಕರನ್ನು ಈಗಲೇ ಕೇಳಿ, ಬೀಸಣಿಗೆಯ ಎರಡು ಅಂಚುಗಳನ್ನು ನೆಲದ ಮೇಲೆ ಟೇಪಿನಿಂದ ಗುರುತಿಸಿ, ತಾಲೀಮು ಅದರೊಳಗೇ ನಡೆಸಿ. ಓರೆಸಾಲು ಕಟ್ಟಿ, ಕೆಲವರನ್ನು ಕ್ಯಾಮೆರಾ ಕಡೆಗೆ ನಡೆಸಿದರೆ ತೆರೆಗೆ ಆಳ ಬರುತ್ತದೆ. ಪಕ್ಕಕ್ಕೆ ಚಾಚಿದ ಕೈ, ಸೊಂಟದಿಂದ ಮೇಲಷ್ಟೇ ಕಾಣುವ ಮಿಡ್ ಶಾಟ್‌ನಲ್ಲಿ ಮೊಣಕೈಗೇ ತುಂಡಾಗುತ್ತದೆ. ಅದೇ ಮುದ್ರೆಯನ್ನು ಕೆನ್ನೆಯ ಬಳಿಗೆ ತನ್ನಿ.

ಸಂಕಲನಕಾರ: ನನ್ನದೊಂದು ಬೇಡಿಕೆ. ಪ್ರತಿ ಶಾಟ್ ಬೇಕಾದ ಹಾಡಿನ ಸಾಲಿಗಿಂತ ಎಂಟು ಎಣಿಕೆ ಮೊದಲೇ ಶುರುವಾಗಲಿ, ಎಂಟು ಎಣಿಕೆ ತಡವಾಗಿ ಮುಗಿಯಲಿ. ನಾವು ಹೆಚ್ಚಾಗಿ ಕತ್ತರಿಸುವುದು ಚಲನೆಯ ನಡುವೆ; ಅರ್ಧ ಸುತ್ತು ಒಂದು ಶಾಟ್‌ನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಒಮ್ಮೆ ನನ್ನ ಕೈಗೆ ಬಂದ ಹಾಡಿನಲ್ಲಿ ಪ್ರತಿ ಶಾಟ್‌ನ ಆರಂಭಕ್ಕೂ ನಾಯಕಿ ‘ಶುರುವಾಯಿತೇ?’ ಎಂಬ ಮುಖ ಹೊತ್ತು ನಿಂತಿದ್ದರು. ಆ ಹಾಡನ್ನು ಉಳಿಸಲು ಆಕಾಶ, ಮರ, ಹಕ್ಕಿ ಎಲ್ಲ ಬಳಸಿದೆ. ಇನ್ನೊಂದು: ಕುಣಿಯುವುದು ಯಾರು, ನರ್ತಕರೋ ಕ್ಯಾಮೆರಾವೋ ಎಂದು ನಿರ್ದೇಶಕರೊಂದಿಗೆ ಕುಳಿತು ತೀರ್ಮಾನಿಸಿ. 1930ರ ದಶಕದ ಹಾಲಿವುಡ್‌ನಲ್ಲೇ ಎರಡೂ ದಾರಿ ಇದ್ದವು. ನಟ, ನರ್ತಕ ಫ್ರೆಡ್ ಆಸ್ಟೇರ್ ತಲೆಯಿಂದ ಪಾದದವರೆಗೆ ಇಡೀ ಮೈ ಕಾಣಬೇಕು, ಶಾಟ್ ಉದ್ದವಿರಬೇಕು ಎಂದು ಪಟ್ಟು ಹಿಡಿದರು. ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿ ಕ್ಯಾಮೆರಾವನ್ನು ನೆತ್ತಿಯ ಮೇಲಕ್ಕೆ ಏರಿಸಿ, ನರ್ತಕಿಯರ ಗುಂಪನ್ನೇ ಅರಳುವ ಹೂವಾಗಿಸಿದರು. ಅಲ್ಲಿ ಒಬ್ಬೊಬ್ಬರ ಹೆಜ್ಜೆಯ ನಾಜೂಕು ಯಾರಿಗೂ ಬೇಕಿರಲಿಲ್ಲ. ಎರಡನ್ನೂ ಒಂದೇ ಹಾಡಿಗೆ ತುರುಕಿದರೆ ನನಗೆ ರಾತ್ರಿ ನಿದ್ದೆಯಿಲ್ಲ.

ನರ್ತಕಿ: ನಿಧಾನಗತಿಯ ಶಾಟ್ ಇದ್ದರೆ ದಯವಿಟ್ಟು ಮೊದಲೇ ತಿಳಿಸಿ. ಸೆಕೆಂಡಿಗೆ 24ರ ಬದಲು 48 ಫ್ರೇಮ್ (ಬಿಡಿ ಚಿತ್ರ) ಹಿಡಿದು, ತುಟಿಚಲನೆಯೂ ಹೊಂದಬೇಕೆಂದರೆ ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ನಮಗೆ ಅದು ತಿಳಿದದ್ದು ಚಿತ್ರೀಕರಣದ ಬೆಳಿಗ್ಗೆ. ಗಾಯಕಿಯ ದನಿ ಅಳಿಲಿನ ಕೀಚಲಾಗಿತ್ತು. ಅದಕ್ಕೆ ನಾವು ವಿರಹದ ಮುಖ ಮಾಡಬೇಕು! ನಾಲ್ಕು ಟೇಕ್ ನಗುವಿನಲ್ಲೇ ಹೋದವು. ಎರಡೂ ವೇಗದಲ್ಲಿ ತಾಲೀಮು ಮಾಡಿಸಿ. ಮಂಡಿಗೆ ಪಟ್ಟಿಯನ್ನೂ ಕೊಡಿಸಿ, ವೇದಿಕೆಯಲ್ಲಿ ಒಮ್ಮೆ ಜಾರುವ ಹೆಜ್ಜೆಯನ್ನು ಇಲ್ಲಿ ಹದಿನೈದು ಸಲ ಜಾರಬೇಕು.

ಪ್ರಶ್ನೆ ಕೇಳಿದವರು: ಇಂದು ಟೇಪು ಅಂಟಿಸಿದೆ. ಎಂಟು ಜನರಲ್ಲಿ ಐವರು ಗೆರೆಯ ಹೊರಗಿದ್ದರು. ಮೊದಲ ಚರಣವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೇನೆ. ಲೆನ್ಸ್ ಯಾವುದೆಂದು ಛಾಯಾಗ್ರಾಹಕರು ಇನ್ನೂ ಹೇಳಿಲ್ಲ.